ಡ್ರೈವರ್ ಕೈಕೊಟ್ಟರೆ ಮೊದಲು ಏನೂ ಇನ್‌ಸ್ಟಾಲ್ ಮಾಡಬೇಡಿ

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ವೈಫೈ ಇಲ್ಲ. ಸಿಗ್ನಲ್ ಇಲ್ಲ ಅಂತಲ್ಲ, ವೈಫೈ ಅನ್ನೋ ಗುರುತೇ ಇಲ್ಲ. ಹಿಂದಿನ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿತ್ತು. ಗಾಬರಿಯಲ್ಲಿ ಫೋನಿನ ಇಂಟರ್ನೆಟ್ ಜೋಡಿಸಿ, ಎಲ್ಲ ಡ್ರೈವರ್‌ಗಳನ್ನೂ (ವೈಫೈ, ಸ್ಪೀಕರಿನಂಥ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರ್‌ಗಳು) ಒಂದೇ ಕ್ಲಿಕ್ಕಿಗೆ ಸರಿ ಮಾಡುತ್ತೇನೆ ಅನ್ನುವ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡೆ. ಅದು ಹದಿನೇಳು ಡ್ರೈವರ್ ಹಳೆಯವು ಅಂದಿತು. ಎಲ್ಲಕ್ಕೂ ಹೂಂ ಅಂದೆ. ಮಧ್ಯಾಹ್ನದ ಹೊತ್ತಿಗೂ ವೈಫೈ ಬಂದಿರಲಿಲ್ಲ. ಸಾಲದ್ದಕ್ಕೆ ಸ್ಪೀಕರ್ ಮೂಕವಾಗಿತ್ತು, ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನ ಸ್ಕ್ರೋಲ್ ಹೋಗಿತ್ತು.

ಈಗ ನಾನು ಅಂಥ ಸಾಫ್ಟ್‌ವೇರ್ ಮುಟ್ಟುವುದಿಲ್ಲ. ಕೆಟ್ಟಿರುವುದು ಒಂದು, ಅದು ಬದಲಾಯಿಸುವುದು ಹದಿನೇಳು. ಆಮೇಲೆ ಯಾವುದರಿಂದ ಏನಾಯಿತು ಅಂತ ಹುಡುಕುವುದು ಹೇಗೆ?

ಮೊದಲು ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಅಲ್ಲ, ರೀಸ್ಟಾರ್ಟೇ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ನಿನ್ನೆಯ ತೊಂದರೆ ಇವತ್ತೂ ಹಾಗೇ ಎದ್ದು ಬರಬಹುದು. ರೀಸ್ಟಾರ್ಟ್‌ನಲ್ಲಿ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಹೋಗಲಿಲ್ಲವೇ? ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ, ಕಂಪ್ಯೂಟರಿನ ಎಲ್ಲ ಭಾಗಗಳ ಪಟ್ಟಿ ಅಲ್ಲಿರುತ್ತದೆ. ಹಳದಿ ತ್ರಿಕೋನ ಎಲ್ಲಿದೆ ನೋಡಿ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಡಿವೈಸ್ ಸ್ಟೇಟಸ್ ಅನ್ನುವ ಚೌಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಜನ ಆ ತ್ರಿಕೋನ ನೋಡಿದ ಕೂಡಲೇ ಡೌನ್‌ಲೋಡಿಗೆ ಓಡುತ್ತಾರೆ, ಸಂಖ್ಯೆ ಓದುವುದೇ ಇಲ್ಲ. ಓದಿ. ಕೋಡ್ 28 ಅಂದರೆ ಡ್ರೈವರ್ ಇಲ್ಲವೇ ಇಲ್ಲ, ಹಾಕಬೇಕು. ಕೋಡ್ 22 ಅಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಒತ್ತಿದರೆ ಮುಗಿಯಿತು. ಇದಕ್ಕೆ ತ್ರಿಕೋನದ ಬದಲು ಸಣ್ಣ ಕೆಳಬಾಣ ಕಾಣುತ್ತದೆ. ಕೋಡ್ 10 ಅಂದರೆ ಆ ಭಾಗ ಶುರುವಾಗಲು ಆಗುತ್ತಿಲ್ಲ. ನನ್ನ ವೈಫೈಗೆ ಬಂದಿದ್ದು ಇದೇ.

ಕೋಡ್ 43ರ ಬಗ್ಗೆ ಬೇರೆಯೇ ಹೇಳಬೇಕು. ಆ ಭಾಗ ತನಗೇನೋ ತೊಂದರೆ ಅಂದಿದ್ದಕ್ಕೆ ವಿಂಡೋಸ್ ಅದನ್ನು ನಿಲ್ಲಿಸಿದೆ ಅಂತ ಇದರ ಅರ್ಥ. ನನ್ನ ವೆಬ್‌ಕ್ಯಾಮಿಗೆ ಇದು ಬಂದಾಗ ಮೂರು ಸಲ ಡ್ರೈವರ್ ತೆಗೆದು ಹಾಕಿದೆ. ಕೊನೆಗೆ ನೋಡಿದರೆ ಯುಎಸ್‌ಬಿ ಹಬ್‌ನದ್ದೇ (ಒಂದು ಪೋರ್ಟಿಗೆ ಹಲವು ಕೇಬಲ್ ಚುಚ್ಚಲು ಬಳಸುವ ಡಬ್ಬಿ) ತಕರಾರು. ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಕ್ಯಾಮೆರಾ ಎದ್ದಿತು. 43 ಬಂತೆಂದರೆ ಈಗ ಮೊದಲು ಕೇಬಲ್, ಪೋರ್ಟ್ ಬದಲಿಸುತ್ತೇನೆ. ಡ್ರೈವರ್ ಆಮೇಲೆ.

ಅಪ್‌ಡೇಟ್ ಆದಮೇಲೆ ಕೆಟ್ಟಿದ್ದರೆ ಹೊಸ ಡ್ರೈವರ್ ಹುಡುಕಬೇಡಿ, ಹಳೆಯದಕ್ಕೆ ಹೋಗಿ. ಅದೇ ಕಿಟಕಿಯ ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಡ್ರೈವರ್ ಅಂತ ಬಟನ್ ಇದೆ. ಆದರೆ ಅದು ಒಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಅವತ್ತು ನನಗೆ ಕೈಕೊಟ್ಟಿದ್ದು ಇಲ್ಲೇ. ಅಪ್‌ಡೇಟ್ ತಂದ ಕೆಟ್ಟ ಡ್ರೈವರಿನ ಮೇಲೆ ಆ ಸಾಫ್ಟ್‌ವೇರ್ ಇನ್ನೊಂದನ್ನು ಹೇರಿತ್ತು. ರೋಲ್ ಬ್ಯಾಕ್ ಒತ್ತಿದರೆ ಕೆಟ್ಟದ್ದೇ ವಾಪಸ್ ಬಂತು!

ಆಗ ಉಳಿಸಿದ್ದು ಇನ್ನೊಂದು ದಾರಿ. ಅದೇ ಟ್ಯಾಬಿನಲ್ಲಿ ಅಪ್‌ಡೇಟ್ ಡ್ರೈವರ್ ಒತ್ತಿ. ಎರಡು ಆಯ್ಕೆ ಬರುತ್ತದೆ, ಬ್ರೌಸ್ ಮೈ ಕಂಪ್ಯೂಟರ್ ಅನ್ನುವುದನ್ನು ಹಿಡಿಯಿರಿ. ಮುಂದಿನ ಪುಟದ ಕೆಳಗೆ ಲೆಟ್ ಮಿ ಪಿಕ್ ಅಂತ ಶುರುವಾಗುವ ಸಾಲು ಇರುತ್ತದೆ. ಅದನ್ನು ಒತ್ತಿದರೆ ವಿಂಡೋಸ್ ತನ್ನ ಹತ್ತಿರ ಉಳಿಸಿಕೊಂಡಿರುವ ಡ್ರೈವರ್‌ಗಳನ್ನು ವರ್ಷನ್ ಸಮೇತ ತೋರಿಸುತ್ತದೆ. ನನಗೆ ಮೂರು ಕಂಡವು. ಎಲ್ಲಕ್ಕಿಂತ ಹಳೆಯದನ್ನು ಆರಿಸಿದೆ, ರೀಸ್ಟಾರ್ಟ್ ಮಾಡಿದೆ, ವೈಫೈ ಬಂತು. ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನ ಹೋಗಿತ್ತು.

ಇನ್ನು ಅನ್‌ನೋನ್ ಡಿವೈಸ್ ಅಂತ ತೋರಿಸಿದರೆ? ಹೆಸರಿಲ್ಲದಿದ್ದರೂ ಅದಕ್ಕೊಂದು ನಂಬರ್ ಇದ್ದೇ ಇರುತ್ತದೆ. ಡೀಟೇಲ್ಸ್ ಟ್ಯಾಬಿನಲ್ಲಿ ಮೇಲಿನ ಪಟ್ಟಿಯಿಂದ ಹಾರ್ಡ್‌ವೇರ್ ಐಡಿಸ್ ಆರಿಸಿ. ಉದ್ದನೆಯ ಸಾಲಿನಲ್ಲಿ ಹೆಚ್ಚಾಗಿ ವಿಇಎನ್ (VEN) ಅಂತ ಮೂರಕ್ಷರ, ಪಕ್ಕದಲ್ಲಿ ನಾಲ್ಕು ಅಂಕಿ-ಅಕ್ಷರ. ಅದು ಚಿಪ್ ಮಾಡಿದವರ ಗುರುತು. 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ ಗ್ರಾಫಿಕ್ಸ್, 10ಡಿಇ ಇದ್ದರೆ ಎನ್‌ವಿಡಿಯಾ, 10ಇಸಿ ಇದ್ದರೆ ರಿಯಲ್‌ಟೆಕ್. (ಇಂಟೆಲ್‌ನ 1978ರ ಪ್ರೊಸೆಸರ್ ಹೆಸರೂ 8086. ತಮಾಷೆಗೇ ಆ ನಂಬರ್ ಇಟ್ಟುಕೊಂಡಿರಬೇಕು.) ಆಮೇಲೆ ಬರುವ ಡಿಇವಿ (DEV) ಯಾವ ಚಿಪ್ ಅನ್ನುವುದನ್ನು ಹೇಳುತ್ತದೆ. ಸಾಲನ್ನು ಕಾಪಿ ಮಾಡಿ ಹುಡುಕಿದರೆ ಭಾಗದ ಹೆಸರು ಸಿಗುತ್ತದೆ.

ಹೆಸರು ಸಿಕ್ಕಿತು ಅಂತ ಕಂಡಕಂಡಲ್ಲಿ ಇಳಿಸಿಕೊಳ್ಳಬೇಡಿ. ಲ್ಯಾಪ್‌ಟಾಪ್ ಆದರೆ ಅದನ್ನು ಮಾಡಿದ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್ ಹಾಕಿ ತೆಗೆದುಕೊಳ್ಳಿ. ಆಡಿಯೋ, ಟಚ್‌ಪ್ಯಾಡ್‌ಗಳಿಗೆ ಇದು ಮುಖ್ಯ, ಯಾಕೆಂದರೆ ಆ ಕಂಪನಿಗಳು ತಮ್ಮ ಮಾಡೆಲ್ಲಿಗೆ ತಕ್ಕಂತೆ ಅವನ್ನು ತಿದ್ದಿರುತ್ತವೆ. ಗ್ರಾಫಿಕ್ಸ್ ಡ್ರೈವರನ್ನು ಚಿಪ್ ಕಂಪನಿಯಿಂದಲೇ ತಂದರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಅಂದಹಾಗೆ, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಕಂಡರೆ ತ್ರಿಕೋನ ಇಲ್ಲದಿದ್ದರೂ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಅಸಲಿ ಡ್ರೈವರ್ ಕೆಲಸ ಮಾಡುತ್ತಿಲ್ಲ ಅಂತ ಅದರ ಅರ್ಥ.

ಇಂಟರ್ನೆಟ್ಟೇ ಇಲ್ಲದೆ ಡ್ರೈವರ್ ತರುವುದು ಹೇಗೆ ಅಂತೀರಾ? ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ಇಂಟರ್ನೆಟ್ ಕೇಬಲ್ಲಿನಲ್ಲೇ ಲ್ಯಾಪ್‌ಟಾಪಿಗೆ ಬರುತ್ತದೆ. ವೈಫೈ ಡ್ರೈವರ್ ಸತ್ತಿದ್ದರೂ ಸಾಮಾನ್ಯವಾಗಿ ಇದು ನಡೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಜಗ್ಗದಿದ್ದರೆ, ಪೆನ್ ಡ್ರೈವಿನಿಂದ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬೂಟ್ ಮಾಡಿ ನೋಡಿ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಸುಮ್ನೆ ಓಡಿಸಿ ನೋಡುವ ಆಯ್ಕೆ ಇರುತ್ತದೆ. ಅಲ್ಲಿ ವೈಫೈ, ಸ್ಪೀಕರ್ ಕೆಲಸ ಮಾಡಿದರೆ ಹಾರ್ಡ್‌ವೇರ್ ಚೆನ್ನಾಗಿದೆ, ಗಲಾಟೆ ವಿಂಡೋಸ್ ಕಡೆಯದು. ಅಲ್ಲೂ ಕೆಲಸ ಮಾಡದಿದ್ದರೆ ಹಾರ್ಡ್‌ವೇರೇ ಹೋಗಿರುವ ಅನುಮಾನ ಜಾಸ್ತಿ. ಕೆಲವು ಹೊಸ ಭಾಗಗಳಿಗೆ ಲಿನಕ್ಸ್‌ನಲ್ಲೂ ಡ್ರೈವರ್ ಇರುವುದಿಲ್ಲ ಅನ್ನುವುದು ನೆನಪಿರಲಿ.

ನನ್ನ ಡೆಸ್ಕ್‌ಟಾಪ್ ಮೇಲೆ ಈಗ ಒಂದು ನೋಟ್‌ಪ್ಯಾಡ್ ಫೈಲ್ ಇದೆ. ವೈಫೈ, ಆಡಿಯೋ, ಗ್ರಾಫಿಕ್ಸ್, ಟಚ್‌ಪ್ಯಾಡ್, ನಾಲ್ಕೇ ಸಾಲು. ಎಲ್ಲ ಸರಿಯಿದ್ದ ದಿನ ಡ್ರೈವರ್ ಟ್ಯಾಬ್ ನೋಡಿ ವರ್ಷನ್ ನಂಬರ್ ಬರೆದಿಟ್ಟಿದ್ದೇನೆ. ಪಟ್ಟಿಯಲ್ಲಿ ಮೂರು ವರ್ಷನ್ ಕಂಡಾಗ ಯಾವುದನ್ನು ಒತ್ತಬೇಕು ಅಂತ ಇನ್ನು ಊಹಿಸುತ್ತಾ ಕೂರಬೇಕಿಲ್ಲ.