ಅಕ್ರಿಲಿಕ್ ಪ್ರಿಂಟ್ ತಗೊಳ್ಳುವ ಮುಂಚೆ ಮೂಲ ಚಿತ್ರದ ಅಳತೆ ನೋಡಿ

ಪ್ರಸಿದ್ಧ ಚಿತ್ರಗಳ ಅಕ್ರಿಲಿಕ್ ಪ್ರಿಂಟ್ (ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ ಹಲಗೆಯ ಪ್ರಿಂಟ್) ತಗೊಳ್ಳೋದಾದ್ರೆ ಮೊದಲು ಮೂಲ ಚಿತ್ರದ ಉದ್ದ ಅಗಲ ನೋಡಿ, ಅದಕ್ಕೆ ಹೊಂದುವ ಸೈಜನ್ನೇ ಆರ್ಡರ್ ಮಾಡಿ. ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ‘ದ ಕಿಸ್’ 180 ಸೆಂ.ಮೀ. ಚೌಕ. ಅದನ್ನು 24x36 ಇಂಚಿಗೆ ಮಾಡಿಕೊಟ್ಟರೆ ಅಕ್ಕಪಕ್ಕದ ಚಿನ್ನದ ಬಣ್ಣ ಕತ್ತರಿಸಿ ಹೋಗಿರುತ್ತದೆ, ಇಲ್ಲಾಂದ್ರೆ ಮುಖಗಳು ಉದ್ದಕ್ಕೆ ಎಳೆದ ಹಾಗೆ ಕಾಣುತ್ತವೆ. ವ್ಯಾನ್ ಗೋನ ‘ಸ್ಟಾರಿ ನೈಟ್’ ಸುಮಾರು 74x92 ಸೆಂ.ಮೀ., ಅದಕ್ಕೆ 24x30 ಇಂಚು ಸರಿಯಾಗಿ ಕೂರುತ್ತದೆ. ಆದರೆ ಅಳತೆ ಎಷ್ಟೇ ಸರಿ ಇದ್ರೂ ಬಾಲ್ಕನಿ ಬಾಗಿಲಿನ ಎದುರು ಹಾಕಿದರೆ ಎಲ್ಲಾ ವ್ಯರ್ಥ, ಹೊಳಪಿನಲ್ಲಿ ಗ್ರಿಲ್ಲು, ಒಣಗೋಕೆ ಹಾಕಿದ ಬಟ್ಟೆನೇ ಕಾಣೋದು. ಪಕ್ಕದ ಗೋಡೆ ಒಳ್ಳೇದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹಾಲೋ ಬ್ಲಾಕ್ (ಒಳಗೆ ಟೊಳ್ಳಿರುವ ಇಟ್ಟಿಗೆ) ಗೋಡೆ ಇದ್ದರೆ ಬರೀ ಮೊಳೆ ಹೊಡೀಬೇಡಿ, ಡ್ರಿಲ್ ಮಾಡಿಸಿ ಅದಕ್ಕೆ ಅಂತಲೇ ಇರುವ ಪ್ಲಗ್ಗು, ಸ್ಕ್ರೂ ಹಾಕಿಸಿ.