ಬಾಗಿಲ ಬುಡದ ಜಾಗವನ್ನು ಹದಕ್ಕೆ ತಂದ ಬಗೆ

ನಮ್ಮ ಮನೆಯ ಮುಂಬಾಗಿಲು ದಾಟಿದ ಕೂಡಲೇ ಸಿಗುವ ಜಾಗ ನಾಲ್ಕೂವರೆ ಅಡಿ ಅಗಲ, ಏಳು ಅಡಿ ಉದ್ದ. ಪಕ್ಕಕ್ಕೆ ಇನ್ನೊಂದು ಬಾಗಿಲಿದೆ. ಅದರ ಒಳಗೆ ವಾಷಿಂಗ್ ಮಷೀನ್ ಇಟ್ಟ ಪುಟ್ಟ ಕೋಣೆ. ಕೆಸರುಗಾಲು, ಒದ್ದೆ ಕೊಡೆ, ಆಟದ ಬೂಟು ಎಲ್ಲ ಒಳಬರುವುದು ಆ ದಾರಿಯಿಂದ. ನಾನು ಒಳಾಂಗಣ ವಿನ್ಯಾಸ ಕಲಿತವಳಲ್ಲ. ಅಳತೆ ಟೇಪು ಹಿಡಿಯುತ್ತೇನೆ, ಡ್ರಿಲ್ಲಿಂಗ್ ಮಷೀನಿಗೆ ಹೆದರುವುದಿಲ್ಲ, ಅಷ್ಟೇ. ಈ ಎರಡು ಜಾಗಗಳನ್ನು ಸರಿಪಡಿಸಿದ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಏನನ್ನೂ ಕೊಳ್ಳದೆ ಕೆಲವು ದಿನ ಸುಮ್ಮನೆ ನೋಡಿದೆ. ಹೊರಗಿನಿಂದ ಬಂದವರು ಏನನ್ನು ಎಲ್ಲಿ ಬಿಸಾಡುತ್ತಾರೆ ಎಂಬುದಷ್ಟೇ ಗಮನ. ಚಪ್ಪಲಿಗಳೆಲ್ಲ ಬಾಗಿಲಿನಿಂದ ಎರಡು ಹೆಜ್ಜೆಯೊಳಗೇ ಬೀಳುತ್ತಿದ್ದವು; ಮೂಲೆಯಲ್ಲಿದ್ದ ಹಳೆಯ ಚಪ್ಪಲಿ ಸ್ಟ್ಯಾಂಡ್ ನಾಲ್ಕನೆಯ ಹೆಜ್ಜೆಯಲ್ಲಿತ್ತು, ಅಲ್ಲಿಯವರೆಗೆ ಯಾರೂ ಹೋಗುತ್ತಿರಲಿಲ್ಲ. ಬೀಗದ ಕೈ ಟಿವಿ ಪಕ್ಕ, ಹೆಲ್ಮೆಟ್ ಸೋಫಾದ ಮೇಲೆ, ಮಕ್ಕಳ ಬ್ಯಾಗು ಊಟದ ಮೇಜಿನ ಕುರ್ಚಿಗೆ. ಬೈದು ಬುದ್ಧಿ ಹೇಳಿ ಈ ಅಭ್ಯಾಸ ತಪ್ಪಿಸಬಹುದೆಂಬ ಭ್ರಮೆ ನನಗಿಲ್ಲ. ವಸ್ತು ಎಲ್ಲಿ ಬೀಳುತ್ತದೋ ಅಲ್ಲಿಗೇ ಅದರ ಜಾಗವನ್ನು ತರಬೇಕು. ಆಮೇಲೆ ಮಾಡಿದ್ದೆಲ್ಲ ಈ ಒಂದು ಯೋಚನೆಯ ಮೇಲೆಯೇ ನಿಂತಿದೆ.

ಆಮೇಲೆ ಇದ್ದಬದ್ದ ಪಾದರಕ್ಷೆಗಳನ್ನೆಲ್ಲ ಹೊರಗೆ ಸಾಲಾಗಿ ಜೋಡಿಸಿದೆ. ದಿನವೂ ಹಾಕುವವು ಕಾಲು ಭಾಗವೂ ಇರಲಿಲ್ಲ. ಮದುವೆ ಮುಂಜಿಗಷ್ಟೇ ಹೊರಬರುವ ಜೋಡು, ಅಳತೆ ಮೀರಿದ ಮಕ್ಕಳ ಶೂ, ಒಂಟಿ ಚಪ್ಪಲಿ, ಎಲ್ಲವೂ ಬಾಗಿಲಲ್ಲೇ ಠಿಕಾಣಿ ಹೂಡಿದ್ದವು. ಬಾಗಿಲ ಬಳಿ ತಲೆಗೆ ಎರಡೇ ಜೋಡಿ ಎಂದು ಗೊತ್ತುಮಾಡಿದೆ. ಮಿಕ್ಕವು ಒಣಗಿಸಿ, ಒರೆಸಿ, ಅವರವರ ಕೋಣೆಯ ಬೀರುವಿಗೆ. ಮನೆಯಲ್ಲಿ ಐದು ಜನ, ಅಂದರೆ ಹತ್ತು ಜೋಡಿ. ಈ ಲೆಕ್ಕ ಕೈಗೆ ಬರುವವರೆಗೆ ಬಡಗಿಯನ್ನು ಕರೆಯಬಾರದು.

ದೊಡ್ಡವರ ಶೂ ಸುಮಾರು ಹನ್ನೊಂದರಿಂದ ಹನ್ನೆರಡು ಇಂಚು ಉದ್ದ ಇರುತ್ತದೆ. ಆದ್ದರಿಂದ ರ‍್ಯಾಕಿನ ಆಳ ಹದಿಮೂರು ಹದಿನಾಲ್ಕು ಇಂಚು ಬೇಕು. ಹತ್ತಿಂಚಿನ ಆಳದಲ್ಲಿ ಶೂಗಳ ಮೂತಿ ಹೊರಗೆ ಚಾಚಿ ಕಾಲಿಗೆ ತಗುಲುತ್ತದೆ. ಒಂದು ಜೋಡಿಗೆ ಅಗಲದಲ್ಲಿ ಎಂಟೊಂಬತ್ತು ಇಂಚು. ಹಾಗಾಗಿ ಮೂರಡಿ ಅಗಲದ ಒಂದು ಅಂತಸ್ತಿಗೆ ನಾಲ್ಕು ಜೋಡಿ, ಮೂರು ಅಂತಸ್ತಿಗೆ ಹನ್ನೆರಡು. ನಮ್ಮ ಹತ್ತು ಹೋಗಿ ಎರಡು ಬಂದವರಿಗೆ. ಅಂತಸ್ತುಗಳ ನಡುವೆ ಆರೇಳು ಇಂಚು ಎತ್ತರ ಸಾಕು. ಉದ್ದ ಕತ್ತಿನ ಬೂಟುಗಳನ್ನು ಈ ಲೆಕ್ಕಕ್ಕೆ ಸೇರಿಸಲೇ ಇಲ್ಲ, ಅವು ಪಕ್ಕದ ಕೋಣೆಗೆ ಹೋದವು.

ಬಾಗಿಲಿನ ರೆಕ್ಕೆ ತೆರೆಯುವ ಕಮಾನನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ. ನಮ್ಮ ಬಾಗಿಲು ಮೂರಡಿಯದು. ಗೋಡೆಗೆ ಅಂಟಿದಂತಿರುವ ತಿರುಗಣೆಯ ಕಡೆಯಿಂದ ಅಳೆದರೆ ಎದುರು ಗೋಡೆಯ ಪಕ್ಕ ಉಳಿಯುವುದು ಹದಿನೆಂಟು ಇಂಚು. ಹದಿನಾಲ್ಕಿಂಚಿನ ರ‍್ಯಾಕ್ ಅಲ್ಲಿ ಕೂರುತ್ತದೆ, ನಡೆಯುವವರಿಗೆ ನಲವತ್ತು ಇಂಚು ಸಿಗುತ್ತದೆ. ಎರಡು ಕೈಚೀಲ ಹಿಡಿದು ಬರುವವರಿಗೆ ಮೂರಡಿಯಾದರೂ ತೆರವು ಬೇಕೆಂಬುದು ನನ್ನ ಲೆಕ್ಕ. ಖಾಲಿ ರಟ್ಟಿನ ಡಬ್ಬಗಳನ್ನು ಅದೇ ಅಳತೆಗೆ ಕತ್ತರಿಸಿ ಜೋಡಿಸಿ, ಕೆಲವು ದಿನ ಅವುಗಳ ನಡುವೆಯೇ ಓಡಾಡಿದೆವು. ಮಕ್ಕಳಿಗೆ ಇದು ಆಟವಾಯಿತು, ನನಗೆ ಸಾಕಷ್ಟು ಗೊತ್ತಾಯಿತು. ಕಾಗದದ ಮೇಲಿನ ನಕ್ಷೆ ಮೊಣಕೈಗೆ ತಗುಲುವುದಿಲ್ಲ, ರಟ್ಟು ತಗುಲುತ್ತದೆ.

ನಿಮ್ಮ ಜಾಗ ಇದಕ್ಕಿಂತ ಇಕ್ಕಟ್ಟಾಗಿದ್ದರೆ ಮುಂದಕ್ಕೆ ವಾಲಿ ತೆರೆಯುವ ಬಗೆಯ ಶೂ ಕಪಾಟುಗಳಿವೆ. ಶೂ ನಿಂತ ಭಂಗಿಯಲ್ಲಿರುವುದರಿಂದ ಅವುಗಳ ಆಳ ಏಳೆಂಟು ಇಂಚಿಗೇ ಮುಗಿಯುತ್ತದೆ. ಆದರೆ ದೊಡ್ಡ ಅಳತೆಯ ಶೂ, ಎತ್ತರದ ಹಿಮ್ಮಡಿ ಅವುಗಳೊಳಗೆ ಸರಿಯಾಗಿ ಕೂರುವುದಿಲ್ಲ; ತೇವದ ಶೂಗಳಿಗಂತೂ ಆ ಪೆಟ್ಟಿಗೆ ಆಗದ ಮಾತು.

ತೇವದ ವಿಷಯಕ್ಕೇ ಬರುತ್ತೇನೆ. ಪೂರ್ತಿ ಮುಚ್ಚಿದ ಕಪಾಟು ನೋಡಲು ಅಚ್ಚುಕಟ್ಟು, ಬಾಗಿಲು ತೆರೆದರೆ ಮೂಗು ಮುಚ್ಚಿಕೊಳ್ಳಬೇಕು. ದಿನವಿಡೀ ಕಾಲಿಗಿದ್ದ ಶೂ ಒಳಗೆ ಬೆವರಿನಿಂದ ಹಸಿಯಾಗಿರುತ್ತದೆ, ಗಾಳಿ ಸಿಗದೆ ಹೋದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮೇಲಿನ ಎರಡು ಅಂತಸ್ತಿಗೆ ಸೀಳು ಪಟ್ಟಿಯ ಬಾಗಿಲು ಮಾಡಿಸಿದೆ, ಹಿಂದಿನ ಹಲಗೆ ಹಾಕಿಸಲೇ ಇಲ್ಲ, ಕೆಳಗಿನದನ್ನು ಬಯಲಾಗಿ ಬಿಟ್ಟೆ. ಮನೆಗೆ ಬಂದವರು ಶೂವನ್ನು ಮೊದಲು ಕೆಳಗಿನ ಬಯಲು ಅಂತಸ್ತಿಗೆ ಬಿಡುತ್ತಾರೆ; ಮಾರನೆಯ ದಿನ ಅದೇ ಬೇಕಾಗದಿದ್ದರೆ ಮೇಲಕ್ಕೆ. ಹಲಗೆಗೆ ನೀರು ತಡೆಯುವ ದರ್ಜೆಯ ಪ್ಲೈವುಡ್. ಮರದ ನಾರು, ಚೂರುಗಳನ್ನು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಗ್ಗ ನಿಜ. ಆದರೆ ಒಮ್ಮೆ ನೀರು ಕುಡಿದು ಅಂಚು ಊದಿಕೊಂಡರೆ ಮತ್ತೆ ಮೊದಲಿನಂತಾಗುವುದಿಲ್ಲ. ಪ್ಲೈವುಡ್ಡಿಗೂ ಕತ್ತರಿಸಿದ ಅಂಚುಗಳನ್ನೆಲ್ಲ ಪಟ್ಟಿ ಅಂಟಿಸಿ ಮುಚ್ಚಿಸಬೇಕು. ಕಣ್ಣಿಗೆ ಕಾಣದ ಕೆಳಗಿನ ಅಂಚನ್ನು ಬಡಗಿಗಳು ಬಿಟ್ಟುಬಿಡುತ್ತಾರೆ, ನಿಂತು ನೋಡಿ. ರ‍್ಯಾಕಿನ ಕಾಲುಗಳು ನಾಲ್ಕಿಂಚು ಎತ್ತರ ಇರಲಿ, ನೆಲ ಒರೆಸುವ ಮಾಪ್ ಅಡಿಗೆ ಹೋಗುವಂತೆ.

ರ‍್ಯಾಕಿನ ಪಕ್ಕಕ್ಕೆ ಎರಡಡಿಯ ಒಂದು ಬೆಂಚು. ಇದು ನನ್ನ ಯೋಜನೆಯಲ್ಲಿರಲಿಲ್ಲ. ನಮ್ಮ ಮಾವನವರಿಗೆ ಮಂಡಿ ನೋವು, ನಿಂತು ಶೂ ಹಾಕಲಾಗದು. ರಟ್ಟಿನ ಡಬ್ಬಗಳ ಆಟ ನಡೆಯುವಾಗ ಅವರು ಒಂದು ಸ್ಟೂಲ್ ತಂದು ಹಾಕಿಕೊಂಡು, "ಕೂರೋದೇನೋ ಕೂತೆ ಕಣಮ್ಮ, ಏಳೋಕೆ ಏನು ಹಿಡ್ಕೊಳ್ಳಲಿ?" ಎಂದರು. ಆ ಪ್ರಶ್ನೆಯಿಂದಲೇ ಬೆಂಚಿನ ಎತ್ತರ ಹದಿನೆಂಟು ಇಂಚಾಯಿತು. ತಗ್ಗು ಪೀಠ ನೋಡಲು ಚೆಂದ, ಮಂಡಿಗೆ ಶಿಕ್ಷೆ. ಬೆಂಚಿನ ಮುಂದಕ್ಕೆ, ಬಲಗೈಗೆ ಎಟಕುವಂತೆ ಗೋಡೆಗೆ ಸ್ಟೀಲಿನ ಹಿಡಿ ಬಂತು. ಪಕ್ಕದಲ್ಲೇ ಹಿಮ್ಮಡಿಯನ್ನು ಶೂ ಒಳಗೆ ಜಾರಿಸುವ ಉದ್ದ ಹಿಡಿಯ ಶೂ ಹಾರ್ನ್ ತೂಗುಹಾಕಿದ್ದೇನೆ. ಈಗ ಮನೆಯಲ್ಲಿ ಎಲ್ಲರೂ ಕೂತೇ ಶೂ ಹಾಕುತ್ತಾರೆ, ಗೋಡೆಗೆ ಕೈಯೂರಿ ಕೊಳೆ ಗುರುತು ಬೀಳುವುದು ನಿಂತಿದೆ.

ಗೋಡೆಯ ಕೊಕ್ಕೆಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಬದಲಾವಣೆ ಕಂಡದ್ದು ಇಲ್ಲಿ. ಕಪಾಟಿನ ಬಾಗಿಲು ತೆರೆದು ಹ್ಯಾಂಗರ್ ತೆಗೆದು ಜಾಕೆಟ್ ಹಾಕುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ; ಕೊಕ್ಕೆಗಾದರೆ ಒಂದೇ ಕೈ ಸಾಕು. ದೊಡ್ಡವರಿಗೆ ನೆಲದಿಂದ ಐದೂಕಾಲು ಅಡಿಯಲ್ಲಿ ಒಂದು ಸಾಲು, ಮಕ್ಕಳಿಗೆ ಮೂರೂವರೆ ಅಡಿಯಲ್ಲಿ ಇನ್ನೊಂದು. ಮಕ್ಕಳ ಸಾಲು ಅವರ ಭುಜದ ಮಟ್ಟಕ್ಕಿರಬೇಕು. ಎತ್ತಿ ಹಾಕಬೇಕಾದ ಬ್ಯಾಗು ನೆಲದಲ್ಲೇ ಉಳಿಯುತ್ತದೆ. ಕೊಕ್ಕೆಯಿಂದ ಕೊಕ್ಕೆಗೆ ಎಂಟು ಇಂಚು ಅಂತರ, ಇಲ್ಲವಾದರೆ ಒಂದು ಬ್ಯಾಗು ತೆಗೆಯುವಾಗ ಎರಡು ಬೀಳುತ್ತವೆ. ಹೆಲ್ಮೆಟ್ಟಿಗೆ ಮುಂದಕ್ಕೆ ಚಾಚಿದ ಉದ್ದನೆಯ ಮರದ ಗೂಟ, ಅದಕ್ಕೆ ಹನ್ನೆರಡು ಇಂಚು ಬಿಟ್ಟೆ.

ಪುಸ್ತಕ ತುಂಬಿದ ಶಾಲೆಯ ಬ್ಯಾಗಿನ ಭಾರ ಕಡಿಮೆಯಲ್ಲ. ಅದಕ್ಕೆ ಕೊಕ್ಕೆಗಳನ್ನು ನೇರ ಗೋಡೆಗೆ ಹೊಡೆಯದೆ, ಮೊದಲು ನಾಲ್ಕಿಂಚು ಅಗಲದ ಗಟ್ಟಿ ಮರದ ಪಟ್ಟಿಯನ್ನು ಗೋಡೆಗೆ ಬಿಗಿದು, ಪಟ್ಟಿಗೆ ಕೊಕ್ಕೆ ಹಾಕಿದೆ. ಭಾರ ಹಲವು ಸ್ಕ್ರೂಗಳ ಮೇಲೆ ಹಂಚಿಹೋಗುತ್ತದೆ, ನಾಳೆ ಕೊಕ್ಕೆ ಸರಿಸಬೇಕೆಂದರೂ ಗೋಡೆ ತೂತಾಗುವುದಿಲ್ಲ. ಇಟ್ಟಿಗೆ ಗೋಡೆಗೆ 8 ಮಿ.ಮೀ. ಬಿಟ್, ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಅದೇ ಅಳತೆಯ ಪ್ಲಗ್. ಗೋಡೆಯ ಮೇಲಿನ ಗಾರೆ ಸುಮಾರು ಅರ್ಧ ಇಂಚು ದಪ್ಪ ಇರುತ್ತದೆ, ಅದಕ್ಕೆ ಹಿಡಿತವಿಲ್ಲ. ಪಟ್ಟಿ, ಗಾರೆ ಎರಡನ್ನೂ ದಾಟಿ ಇಟ್ಟಿಗೆಯೊಳಗೆ ಒಂದೂವರೆ ಇಂಚಾದರೂ ಸ್ಕ್ರೂ ಹೋಗಬೇಕು. ಮಾವನವರ ಹಿಡಿಗೆ ಇನ್ನೂ ದಪ್ಪನೆಯ ಆ್ಯಂಕರ್ ಬೋಲ್ಟ್ ಹಾಕಿಸಿದೆ, ಅಲ್ಲಿ ಇಡೀ ಮೈಭಾರ ಬೀಳುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಮಾಡಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತದೆ. ಬಾಡಿಗೆ ಮನೆಯಾದರೆ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡೇ ವಾಸಿ. ಅಂಟಿನ ಕೊಕ್ಕೆ ಹಗುರ ಟೋಪಿಗಾದೀತು, ಬ್ಯಾಗಿಗಲ್ಲ.

ಬೀಗದ ಕೈಗೆ ರ‍್ಯಾಕಿನ ಮೇಲೆ ಒಂದು ಮರದ ತಟ್ಟೆ. ಸಣ್ಣದೇ ಇರಲಿ. ದೊಡ್ಡ ತಟ್ಟೆಗೆ ಚಿಲ್ಲರೆ, ರಸೀದಿ, ಮುರಿದ ಕ್ಲಿಪ್ಪು ಎಲ್ಲ ಬಂದು ಬೀಳುತ್ತವೆ. ಕಿಟಕಿಯಿಂದ ಕೈ ಹಾಕಿದರೆ ಸಿಗುವಲ್ಲಿ ತಟ್ಟೆ ಇಡಬಾರದು ಎಂದು ಹೇಳಬೇಕಾಗಿಲ್ಲ. ಗುಂಡಿ ಒತ್ತದೆ ತಾನೇ ಬಾಗಿಲು ತೆರೆಯುವ ಬಗೆಯ ಕಾರಿನ ಕೀಲಿ ಇದ್ದವರು ಅದನ್ನು ಬಾಗಿಲಿನಿಂದ ದೂರ, ಒಳಗೆ ಇಡುವುದು ಕ್ಷೇಮ. ಅದರ ರೇಡಿಯೊ ಸಂಕೇತವನ್ನು ಹೊರಗಿನಿಂದ ಹಿಡಿದು ಕಾರಿಗೆ ದಾಟಿಸುವ ಕಳ್ಳತನದ ದಾರಿಯೊಂದಿದೆ.

ಕಾಲೊರಸು ಒಂದಿದ್ದರೆ ಸಾಲದು. ಹೊರಗೆ ಒರಟಾದ ನಾರಿನದು, ಒಳಗೆ ನೀರು ಹೀರುವ ಬಟ್ಟೆಯದು. ಮೊದಲನೆಯದು ಮಣ್ಣು ಕೆರೆಯುತ್ತದೆ, ಎರಡನೆಯದು ತೇವ ತೆಗೆಯುತ್ತದೆ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ಉದ್ದ ಇದ್ದಷ್ಟೂ ಒಳ್ಳೆಯದು, ಎರಡೂ ಪಾದ ಎರಡೆರಡು ಸಲ ಅದರ ಮೇಲೆ ಬೀಳುವಂತಿದ್ದರೆ ಬೇಕೆಂದು ಒರೆಸದವರ ಕಾಲೂ ಒರೆಸಿಹೋಗುತ್ತದೆ. ಒಳಗಿನದಕ್ಕೆ ತಳದಲ್ಲಿ ರಬ್ಬರ್ ಇರಬೇಕು, ಮನೆಯಲ್ಲಿ ವಯಸ್ಸಾದವರಿದ್ದರೆ ಇದರಲ್ಲಿ ರಾಜಿಯಿಲ್ಲ. ಕೊಳ್ಳುವ ಮೊದಲು ಬಾಗಿಲಿನ ಅಡಿಯ ಸಂದನ್ನು ಅಳೆದುಕೊಳ್ಳಿ, ದಪ್ಪ ಮ್ಯಾಟ್ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಪಕ್ಕದ ಕೋಣೆ. ಇಲ್ಲಿ ಚೆಂದದ ಮಾತು ಕಡಿಮೆ, ನೀರಿನ ಮಾತು ಹೆಚ್ಚು. ನೆಲಕ್ಕೆ ಜಾರದ, ಹೊಳಪಿಲ್ಲದ ಟೈಲ್ಸ್, ಮೂಲೆಯ ಜಾಲರಿಯತ್ತ ಸಣ್ಣ ಇಳಿಜಾರು, ಮಂಡಿಯ ಮಟ್ಟದಲ್ಲಿ ಒಂದು ನಲ್ಲಿ. ಒಂದೂವರೆ ಇಂಚು ಅಂಚಿನ ಪ್ಲಾಸ್ಟಿಕ್ ಟ್ರೇನಲ್ಲಿ ನದಿಗಲ್ಲು ಹರಡಿ ಒದ್ದೆ ಬೂಟುಗಳನ್ನು ಅದರ ಮೇಲೆ ಇಡುತ್ತೇವೆ. ನೀರು ಕಲ್ಲಿನ ಸಂದಿಗೆ ಇಳಿಯುತ್ತದೆ, ಬೂಟಿನ ಅಡಿಗೆ ಗಾಳಿಯಾಡುತ್ತದೆ. ತೀರಾ ನೆನೆದ ಶೂ ಆದರೆ ಒಳಗೆ ಹಳೆಯ ಪೇಪರ್ ಉಂಡೆ ತುಂಬಿ, ಅದು ಹಸಿಯಾದಂತೆ ಬದಲಿಸುತ್ತಾ ಹೋದರೆ ಬೇಗ ಒಣಗುತ್ತದೆ. ಚರ್ಮದ್ದನ್ನು ಬಿಸಿಲಿಗೋ ಹೀಟರಿಗೋ ಒಡ್ಡಿದರೆ ಬಿರುಕು ಬಿಡುತ್ತದೆ, ನೆರಳಿನ ಗಾಳಿಯೇ ಸರಿ. ರೇನ್‌ಕೋಟುಗಳಿಗೆ ಒಂದಡಿ ಅಂತರದ ಕೊಕ್ಕೆ. ಕೊಡೆಯನ್ನು ಮಡಚಿ ಬಿಗಿದು ಇಟ್ಟರೆ ಒಳಗಿನ ಕಡ್ಡಿ ತುಕ್ಕು ಹಿಡಿಯುತ್ತದೆ. ಅರ್ಧ ಬಿಚ್ಚಿ, ಹಿಡಿಯಿಂದ ತೂಗುಹಾಕಿ, ಒಣಗಿದ ಮೇಲಷ್ಟೇ ಮುಂಬಾಗಿಲಿನ ಸ್ಟ್ಯಾಂಡಿಗೆ. ಚೆಂಡು, ರಾಕೆಟ್, ಸ್ಕಿಪ್ಪಿಂಗ್ ಹಗ್ಗಕ್ಕೆ ಜಾಲರಿ ಬುಟ್ಟಿ, ಮುಚ್ಚಳ ಬೇಡ.

ಅಲಂಕಾರವನ್ನು ಕಡೆಗೆ ಉಳಿಸಿಕೊಂಡಿದ್ದೆ, ಉಪಯೋಗದ ಸಾಮಾನೆಲ್ಲ ನೆಲೆ ಕಂಡ ಮೇಲೆ ಅಲಂಕಾರಕ್ಕೆಂದು ಉಳಿಯುವ ಜಾಗ ತೀರಾ ಕಡಿಮೆ ಎಂದು ತಿಳಿದೇ. ಗೋಡೆಯನ್ನು ಎರಡು ಭಾಗ ಮಾಡಿದೆ. ನೆಲದಿಂದ ನಾಲ್ಕಡಿಯವರೆಗೆ ಗಾಢ ಹಸಿರು, ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಬಣ್ಣ ಬಿಡದ ಸ್ಯಾಟಿನ್ ಪೇಂಟ್. ಮೇಲೆ ತಿಳಿ ಕೆನೆ ಬಣ್ಣ. ಬ್ಯಾಗು, ಶೂ ತಗುಲುವುದೆಲ್ಲ ಕೆಳಭಾಗದಲ್ಲೇ. ಮಕ್ಕಳ ಕೊಕ್ಕೆಯ ಪಟ್ಟಿಗೂ ಅದೇ ಹಸಿರು ಬಳಿದೆ, ಹಾಗಾಗಿ ಅದು ಗೋಡೆಯಲ್ಲೇ ಕರಗಿಹೋಗಿ ಗೋಡೆ ಹಗುರ ಕಾಣುತ್ತದೆ. ಕನ್ನಡಿಯ ನಡುಭಾಗ ಸುಮಾರು ಐದಡಿ ಎತ್ತರಕ್ಕೆ ಬರುವಂತೆ ತೂಗಿಸಿದೆ. ಚಾವಣಿಯ ದೀಪ ಒಂದೇ ಇದ್ದರೆ ಕನ್ನಡಿಯಲ್ಲಿ ಕಣ್ಣ ಕೆಳಗೆ ನೆರಳು ಬಿದ್ದು ಎಲ್ಲರೂ ಕಾಯಿಲೆಯವರಂತೆ ಕಾಣುತ್ತಾರೆ. ಕನ್ನಡಿಯ ಎರಡು ಬದಿಗೆ, ಮುಖದ ಮಟ್ಟದಲ್ಲಿ ಪುಟ್ಟ ದೀಪಗಳು ಬಂದ ಮೇಲೆ ಆ ಕಾಟ ತಪ್ಪಿತು. 2700ರಿಂದ 3000 ಕೆಲ್ವಿನ್‌ವರೆಗಿನ ಹಳದಿ ಛಾಯೆಯ ಎಲ್‌ಇಡಿ. ರ‍್ಯಾಕಿನ ಅಡಿಗೆ ಚಲನೆ ಗ್ರಹಿಸಿ ಉರಿಯುವ ಸೆನ್ಸರ್ ಪಟ್ಟಿ ಹಾಕಿದ್ದೇನೆ, ರಾತ್ರಿ ಕೈ ತುಂಬ ಸಾಮಾನಿರುವಾಗ ಸ್ವಿಚ್ ಹುಡುಕುವ ಕೆಲಸವಿಲ್ಲ.

ಚಿತ್ರ ಒಂದೇ ಒಂದು, ದೊಡ್ಡದು. ಸಣ್ಣ ಸಣ್ಣ ಫ್ರೇಮುಗಳನ್ನು ಗುಂಪಾಗಿ ಹಾಕುವುದು ಹಜಾರಕ್ಕೆ ಒಪ್ಪಬಹುದು. ಭುಜ ತಗುಲುವ ಜಾಗದಲ್ಲಿ ಅವು ದಿನವೂ ಸೊಟ್ಟಗಾಗುತ್ತವೆ. ಬೆಳಕು ಕಡಿಮೆ ಇದ್ದರೂ ಸಹಿಸುವ ಮನಿ ಪ್ಲಾಂಟ್ ಒಂದಿದೆ, ಗೋಡೆಯ ಮೇಲಿನ ಹಲಗೆಯಲ್ಲಿ. ರ‍್ಯಾಕಿನ ಮೇಲೆ ತಟ್ಟೆ ಬಿಟ್ಟು ಏನನ್ನೂ ಇಟ್ಟಿಲ್ಲ. ಅಲ್ಲಿ ಹೂದಾನಿ ಇಡೋಣವೆಂದು ಬಂದವರೆಲ್ಲ ಸಲಹೆ ಕೊಡುತ್ತಾರೆ. ಹೊರಗಿನಿಂದ ಬಂದವರು ಕೈಯ ಸಾಮಾನನ್ನು ಅರೆಗಳಿಗೆ ಇಳಿಸಲು ಒಂದಡಿ ಖಾಲಿ ಜಾಗ ಬೇಕು, ಅದನ್ನು ಹೂದಾನಿಗೆ ಕೊಡಲಾರೆ.

ಆಮೇಲೆ ಸೇರಿದ್ದು ಬೆಂಚಿನ ಅಡಿಯ ಒಂದು ಬುಟ್ಟಿ. ಗ್ರಂಥಾಲಯಕ್ಕೆ ಹಿಂದಿರುಗಿಸಬೇಕಾದ ಪುಸ್ತಕ, ಪಕ್ಕದ ಮನೆಯ ಡಬ್ಬ, ದರ್ಜಿಗೆ ಕೊಡಬೇಕಾದ ಬಟ್ಟೆ, ಮನೆಯಿಂದ ಹೊರಹೋಗಬೇಕಾದ್ದೆಲ್ಲ ಅದಕ್ಕೆ ಬೀಳುತ್ತದೆ, ಹೋಗುವವರು ಇಣುಕಿ ನೋಡಿ ಒಯ್ಯುತ್ತಾರೆ. ಬುಟ್ಟಿ ತುಂಬಿತೆಂದರೆ ದೊಡ್ಡದನ್ನು ತರುವುದಿಲ್ಲ, ಅಂದೇ ಖಾಲಿ ಮಾಡುತ್ತೇವೆ. ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಕೊಕ್ಕೆಗಳ ಮೇಲಿರುವುದನ್ನೆಲ್ಲ ಇಳಿಸಿ, ಆ ಋತುವಿಗೆ ಬೇಡವಾದ್ದನ್ನು ಒಳಗೆ ಸಾಗಿಸುತ್ತೇವೆ. ಇಪ್ಪತ್ತು ಜನ ಒಟ್ಟಿಗೆ ಬಂದ ದಿನ ಮಾತ್ರ ಚಪ್ಪಲಿಗಳು ಮೊದಲಿನಂತೆಯೇ ಬಾಗಿಲ ಹೊರಗೆ ರಾಶಿ ಬೀಳುತ್ತವೆ. ಅಷ್ಟಕ್ಕೂ ಸಾಲುವ ಕಪಾಟು ಮಾಡಿಸುವ ಯೋಚನೆ ನನಗಿಲ್ಲ.