ಚಾರ್ಜಿಂಗ್ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲದ ಹಾಗೆ ಮಾಡಿದ್ದು: ನನ್ನ ಅನುಭವ

ಎಲೆಕ್ಟ್ರಿಕ್ ಕಾರಿನ ಚಾರ್ಜರನ್ನು ನಮ್ಮ ಹೋಟೆಲ್ ಮುಂದಿನಿಂದ ಕಿತ್ತು ಹಿಂದಿನ ಮೂಲೆಗೆ ಹಾಕ್ತೀನಿ ಅಂದಾಗ ನನ್ನ ಪಾಲುದಾರರು, ವೈರಿಂಗ್‌ನವರು, ಚಾರ್ಜರ್ ಕಂಪನಿಯ ಹುಡುಗ ಎಲ್ಲರೂ ಬೇಡ ಅಂದರು. ಕಣ್ಣಿಗೆ ಕಾಣದ ಚಾರ್ಜರ್‌ಗೆ ಯಾರು ಬರ್ತಾರೆ ಅಂತ. ಈಗ ವರ್ಷದ ಮೇಲಾಯಿತು. ಪೆಟ್ರೋಲ್, ಡೀಸೆಲ್ ಕಾರು ಅಲ್ಲಿ ಅಡ್ಡ ನಿಲ್ಲಿಸೋದು ಹೆಚ್ಚುಕಮ್ಮಿ ನಿಂತೇ ಹೋಗಿದೆ.

ನಮ್ಮದು ಚನ್ನರಾಯಪಟ್ಟಣದ ಹತ್ತಿರ, ಬೆಂಗಳೂರು–ಹಾಸನ ಹೆದ್ದಾರಿ ಪಕ್ಕ. 30 ಕಿಲೋವ್ಯಾಟ್ ಡಿಸಿ ಚಾರ್ಜರ್ (ಬೇಗ ಚಾರ್ಜ್ ಮಾಡೋದು), ಸಿಸಿಎಸ್2 ಗನ್ (ಕಾರಿಗೆ ಹಾಕೋ ಪ್ಲಗ್), ಎರಡು ಕಾರಿನ ಜಾಗ. ಮೊದಲು ಅದು ಬಾಗಿಲ ಎದುರಿಗೇ ಇತ್ತು, ಮೇಲೆ ಶೀಟಿನ ನೆರಳು. ಶನಿವಾರ ಬೆಳಿಗ್ಗೆ ಸಕಲೇಶಪುರ, ಧರ್ಮಸ್ಥಳದ ಕಡೆ ಹೊರಟ ಡೀಸೆಲ್ ಇನ್ನೋವಾಗಳು ಸೀದಾ ಅಲ್ಲೇ ಬಂದು ನಿಲ್ಲುತ್ತಿದ್ದವು. ಅವರು ದೋಸೆ ತಿಂದು, ಕಾಫಿ ಕುಡಿದು, ಮಕ್ಕಳನ್ನೆಲ್ಲ ಒಟ್ಟು ಮಾಡಿಕೊಂಡು ಹೊರಡೋಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ನೆಕ್ಸಾನ್ ಇವಿ, ಅಂದರೆ ಎಲೆಕ್ಟ್ರಿಕ್ ಕಾರಿನವರು ಬಂದು, ನೋಡಿ, ಚಾರ್ಜಿಂಗ್ ಆಪ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಮುಂದೆ ಹೋಗಿರುತ್ತಿದ್ದರು. ಕಾರಿಗೆ ಸುಮಾರು 25 ಯೂನಿಟ್, ಯೂನಿಟ್‌ಗೆ 20 ರೂಪಾಯಿ ಆಸುಪಾಸು. ಒಂದು ಸಲಕ್ಕೆ 500 ರೂಪಾಯಿ ಹೋಯ್ತು, ಜೊತೆಗೆ ಅವರ ತಿಂಡಿ ಬಿಲ್ಲೂ ಹೋಯ್ತು.

ಬೋರ್ಡ್ ಹಾಕಿದೆ, ಯಾರೂ ಓದಲಿಲ್ಲ. ಕೋನ್ ಇಟ್ಟೆ, ಡ್ರೈವರ್‌ಗಳು ಇಳಿದು ಕಾಲಲ್ಲೇ ಪಕ್ಕಕ್ಕೆ ತಳ್ಳಿದರು. ನೆಲಕ್ಕೆ ಹಸಿರು ಬಣ್ಣ ಬಳಿಸಿದ್ದಕ್ಕೆ ಆರೇಳು ಸಾವಿರ ಆಯಿತು, ಒಂದು ಮಳೆಗಾಲದಲ್ಲಿ ಟೈರ್ ಕೆಳಗೆ ಕಿತ್ತು ಬಂತು. ಸರಪಳಿ ಕಟ್ಟಿ ವಾಚ್‌ಮನ್ ಕೈಗೆ ಕೀ ಕೊಟ್ಟೆ. ಅವರು ಊಟಕ್ಕೆ ಹೋದಾಗ ಇವಿಯವರೇ ಹೊರಗೆ ಕಾಯಬೇಕಾಯಿತು. ಚಕ್ರಕ್ಕೆ ಲಾಕ್ ಹಾಕಿದ ದಿನ ದೊಡ್ಡ ಜಗಳ, ಇಡೀ ಹೋಟೆಲ್ ಎದ್ದು ನೋಡುತ್ತಿತ್ತು. ಹೋಟೆಲ್ ನಡೆಸೋರು ಗಿರಾಕಿ ಜೊತೆ ಹಾಗೆ ಆಡೋಕಾಗಲ್ಲ.

ಪೆಟ್ರೋಲ್ ಕಾರಿನವರಿಗೆ ಬೇಕಾಗಿದ್ದದ್ದು ನೆರಳು ಮತ್ತು ಬಾಗಿಲು. ಅದೆರಡನ್ನೂ ಅವರಿಗೇ ಬಿಟ್ಟುಕೊಟ್ಟೆ. ಚಾರ್ಜರ್ ಹಿಂದಿನ ಕಾಂಪೌಂಡ್ ಮೂಲೆಗೆ ಹೋಯಿತು. ಯಂತ್ರದ ಮೇಲೆ ಮಾತ್ರ ಸಣ್ಣ ಶೀಟು, ಕಾರಿಗೆ ನೆರಳಿಲ್ಲ. ಚಾರ್ಜ್ ಬೇಕಾದವರು ಎಲ್ಲಿದ್ದರೂ ಹುಡುಕಿಕೊಂಡು ಬರ್ತಾರೆ, ಅವರು ಬರೋದೇ ಮ್ಯಾಪ್ ನೋಡಿ, ಅಲ್ವಾ? ಆದರೆ ಕತ್ತಲೆ ಮೂಲೆ ಆಗಬಾರದು. ರಾತ್ರಿ ಹೆಣ್ಣುಮಕ್ಕಳು ಒಬ್ಬರೇ ಬರ್ತಾರೆ. ಎರಡು ಒಳ್ಳೆ ಲೈಟು, ಒಂದು ಕ್ಯಾಮೆರಾ, ಅಡುಗೆಮನೆ ಪಕ್ಕದಿಂದ ಒಳಗೆ ಬರೋಕೆ ಒಂದು ಬಾಗಿಲು ಮಾಡಿಸಿದೆ. ಆರ್ಮರ್ಡ್ ಕೇಬಲ್ (ಲೋಹದ ಕವಚ ಇರೋದು), ಅದನ್ನು ಹೂಳೋಕೆ ಟ್ರೆಂಚ್, ಹೊಸ ಅರ್ಥಿಂಗ್ ಎಲ್ಲ ಸೇರಿ 90 ಸಾವಿರದ ಹತ್ತಿರ ಆಯಿತು. ಅರ್ಧಕ್ಕಿಂತ ಜಾಸ್ತಿ ಕೇಬಲ್‌ಗೇ ಹೋಯಿತು. ಏಳೆಂಟು ತಿಂಗಳಲ್ಲಿ ವಾಪಸ್ ಬಂತು.

ಎಂಜಿ ಕಂಪನಿಯ ಝಡ್‌ಎಸ್ ಇವಿಗೆ ಚಾರ್ಜಿಂಗ್ ಬಾಯಿ ಮುಂದೆ, ನೆಕ್ಸಾನ್‌ಗೆ ಹಿಂದೆ. ಕೇಬಲ್ ಎರಡಕ್ಕೂ ಎಟುಕಬೇಕು, ಅದಕ್ಕೇ ಯಂತ್ರ ಎರಡು ಜಾಗದ ನಡುವೆ ಇದೆ. ಚಕ್ರ ತಡೆಯೋ ಕಲ್ಲನ್ನು ಎಷ್ಟು ದೂರದಲ್ಲಿ ಕೂರಿಸಿದ್ದೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹತ್ತಿರವೇ ಇರಲಿ.

ವಾಚ್‌ಮನ್‌ಗೆ ಹೇಳಿರೋದು ಒಂದೇ, ಕಾರು ನೋಡಬೇಡಿ, ನಂಬರ್ ಪ್ಲೇಟ್ ನೋಡಿ. ನೆಕ್ಸಾನ್ ಪೆಟ್ರೋಲ್‌ನಲ್ಲೂ ಬರುತ್ತೆ. ಹಸಿರು ಪ್ಲೇಟ್ ಇದ್ದರೆ ಒಳಗೆ, ಅಕ್ಷರ ಬಿಳಿ ಇದ್ದರೆ ಸ್ವಂತದ್ದು, ಹಳದಿ ಇದ್ದರೆ ಟ್ಯಾಕ್ಸಿ, ಎರಡೂ ಸರಿ. ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನವರು (ಪೆಟ್ರೋಲ್ ಜೊತೆ ಬ್ಯಾಟರಿಯೂ ಇರುತ್ತೆ, ಆದರೆ ಹೊರಗಿನಿಂದ ಚಾರ್ಜ್ ಮಾಡೋಕಾಗಲ್ಲ) ‘ನಮ್ಮದೂ ಎಲೆಕ್ಟ್ರಿಕ್ಕೇ’ ಅಂತ ವಾದಕ್ಕೆ ಬರ್ತಾರೆ. ಪ್ಲಗ್ ಹಾಕೋಕೆ ಜಾಗ ತೋರಿಸಿ ಸಾರ್ ಅಂದರೆ ಸಾಕು.

ಇವಿಯವರೇ ಚಾರ್ಜ್ ಮುಗಿದ ಮೇಲೂ ಕಾರು ತೆಗೆಯೋದಿಲ್ಲ, ಅದು ಬೇರೆ ತಲೆನೋವು. ಅದಕ್ಕೆ ಕೂಪನ್ ಮಾಡಿ ನೋಡಿದೆ. ಮುಗಿದು ಹತ್ತು ನಿಮಿಷದೊಳಗೆ ತೆಗೆದರೆ ಒಂದು ಫಿಲ್ಟರ್ ಕಾಫಿ ಫ್ರೀ. ತಿಂಗಳಿಗೆ ಎರಡು ಸಾವಿರದಷ್ಟು ಕಾಫಿ ಹೋಗುತ್ತೆ, ಆದರೆ ವಾರದ ಕೊನೆಯಲ್ಲಿ ದಿನಕ್ಕೆ ಎರಡು ಮೂರು ಕಾರು ಜಾಸ್ತಿ ಚಾರ್ಜ್ ಆಗುತ್ತಿವೆ. ಈಗ ಸ್ಕೂಟರ್‌ನವರಿಗೆ ಅಂತ ಗೋಡೆ ಪಕ್ಕ 15 ಆಂಪ್ ಸಾಕೆಟ್ ಎರಡು ಹಾಕಿಸಿದ್ದೇನೆ. ದೀಪಾವಳಿ ರಜೆ ಮುಗಿದ ಮೇಲೆ ಅದರ ಲೆಕ್ಕ ನೋಡಬೇಕು.